ಉಧ್ನಾ ರಸ್ತೆಯ ಕಿಂಡಿ

ಮೇ ೧೨, ೧೯೮೬. ಅಹಮದಾಬಾದಿನಿಂದ ಸೂರತ್ತಿಗೆ, ರೈಲಿನಲ್ಲಿ

ಸೇತುವೆ ಕಟ್ಟಲು ಬಂದವನ ಕೈಗೆ ಸೀಮೆಸುಣ್ಣ ಕೊಟ್ಟರು. ಕುಂದಾಪುರದಿಂದ ಬೊಂಬಾಯಿಗೆ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು, ಅಲ್ಲಿಂದ ರೈಲಿನ ಬಾಗಿಲ ಬಳಿ ಕುಕ್ಕುರುಗಾಲಿನಲ್ಲಿ ಕುಳಿತು ಬಂದದ್ದು ಇದಕ್ಕೆ! ಕಾಲೇಜಿನಲ್ಲಿ ಎಲ್ಲರೆದುರು ಕೊಚ್ಚಿಕೊಂಡಿದ್ದೆ, ರಸ್ತೆ ಸಾರಿಗೆಯ ದೊಡ್ಡ ಕನ್ಸಲ್ಟಿಂಗ್ ಕಂಪೆನಿಯಲ್ಲಿ ಟ್ರೈನಿಂಗ್ ಸಿಕ್ಕಿದೆ, ಫ್ಲೈಓವರ್ ಡಿಸೈನ್ ಮಾಡುತ್ತೇನೆ ಎಂದು. ಕಂಪೆನಿಯ ಜರೀವಾಲಾ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದಲು ಎಣಿಸಲು ಕಲಿ, ಆಮೇಲೆ ಅಳೆಯಲು ಕಲಿ. ಸೇತುವೆ ಬೇಕಾದರೆ ನಿನ್ನ ಮಗ ಕಟ್ಟಲಿ" ಎಂದರು.

ಸೂರತ್ತಿನ ಉಧ್ನಾದಲ್ಲಿ ಒಂದು ಜಾಗವಂತೆ. ಒಂದೇ ಕಡೆ ಜನ ಗಾಡಿಗೆ ಸಿಕ್ಕಿ ಸಾಯುತ್ತಾರಂತೆ. ಯಾಕೆ ಎಂದು ಕಂಡುಹಿಡಿದು ಕೊಡುವುದು ಕಂಪೆನಿಯ ಕೆಲಸ, ಅಲ್ಲಿ ಬಿಸಿಲಲ್ಲಿ ನಿಲ್ಲುವುದು ನನ್ನ ಕೆಲಸ. ಸದಾಶಿವ ಮಾವನ ಹೋಟೆಲು ಇರುವುದು ಉಧ್ನಾದಲ್ಲೇ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. "ಹಾಗಾದರೆ ವಸತಿಯ ಚಿಂತೆಯೂ ಇಲ್ಲ" ಎಂದು ಕಳಿಸಿಯೇಬಿಟ್ಟರು.

ಜೊತೆಗೆ ಒಂದು ಕೋಲು. ಆಳಿಗಿಂತ ಉದ್ದ, ಕೆಂಪು ಬಿಳಿ ಪಟ್ಟಿ, ನೆಲಕ್ಕೆ ನೆಡಲು ತುದಿಯಲ್ಲಿ ಕಬ್ಬಿಣದ ಮೊನೆ. ಸರ್ವೆಯವರ ಕೋಲು. ರೈಲಿನಲ್ಲಿ ಇದನ್ನು ಹಿಡಿದುಕೊಂಡು ಹೋಗಲು ಎಷ್ಟು ನಾಚಿಕೆ! ಬರೋಡಾದಲ್ಲಿ ಇಳಿಯುತ್ತಿದ್ದ ಒಬ್ಬ ಅಜ್ಜನ ಹಿಮ್ಮಡಿಗೆ ಮೊನೆ ತಾಗಿ ಚೂರು ತರಚಿತು. ಪ್ಲಾಟ್‌ಫಾರ್ಮಿನ ತನಕ ಹಿಂದೆ ಹೋಗಿ ಕ್ಷಮೆ ಕೇಳಿದೆ. ಅಜ್ಜನೇ ಕೊನೆಗೆ "ಸಾಕು ಹೋಗಪ್ಪಾ, ನಿನ್ನ ರೈಲು ಹೊರಡುತ್ತದೆ" ಎಂದು ಗದರಿಸಿ ಓಡಿಸಿದ.

ಮೇ ೧೫. ಉಧ್ನಾ

ರಸ್ತೆಯ ಆ ಬದಿ ಬಟ್ಟೆಯ ಕಾರ್ಖಾನೆಗಳು, ಈ ಬದಿ ಮಾವನ ಹೋಟೆಲು. ನಡುವೆ ಎದೆಯೆತ್ತರದ ಕಬ್ಬಿಣದ ಬೇಲಿ. ಲಾರಿಗಳು ಹುಚ್ಚು ಹಿಡಿದ ಹಾಗೆ ಬರುತ್ತವೆ, ಹೋಗುತ್ತವೆ. ಕಾರ್ಖಾನೆಯವರು ಚಹಾಕ್ಕೆ, ತಿಂಡಿಗೆ ಬರಬೇಕಾದರೆ ಅರ್ಧ ಮೈಲು ಆಚೆಯ ಸರ್ಕಲ್ಲಿಗೆ ಹೋಗಿ ಸುತ್ತಿ ಬರಬೇಕು. ಯಾರು ಬರುತ್ತಾರೆ? ಅದಕ್ಕೆ ಹೋಟೆಲಿನ ಎದುರಿಗೆ ಸರಿಯಾಗಿ ಬೇಲಿಯಲ್ಲಿ ಒಬ್ಬ ಮನುಷ್ಯ ನುಗ್ಗುವಷ್ಟು ಕಿಂಡಿ. ಸರಳುಗಳನ್ನು ಗರಗಸದಲ್ಲಿ ಕೊಯ್ದದ್ದು ಕುರುಡನಿಗೂ ಕಾಣುತ್ತದೆ.

ದೋಸೆ ಹೊಯ್ಯುವ ವಿಠ್ಠಲಣ್ಣ ಬೈಂದೂರಿನವನು. ನನಗೆ ಮಲಗಲು ಅವನ ಕೋಣೆಯಲ್ಲೇ ಜಾಗ. ಕೋಲನ್ನು ನೋಡಿದವನೇ, "ಎಂತ ಮಾರಾಯ, ಇಂಜಿನಿಯರ್ ಆಗ್ಲಿಕ್ಕೆ ಬಂದದ್ದಾ, ಕೋಲೆ ಬಸವನ ಹಿಂದೆ ಹೋಗ್ಲಿಕ್ಕೆ ಬಂದದ್ದಾ?" ಎಂದು ಹೋಟೆಲಿಡೀ ನಗಿಸಿದ. ಕಿಂಡಿಯ ಕಥೆ ಹೇಳಿದ್ದೂ ಅವನೇ. "ಉಡುಪಿಯಲ್ಲಿ ಕನಕನ ಕಿಂಡಿ, ಉಧ್ನಾದಲ್ಲಿ ಸದಾಶಿವನ ಕಿಂಡಿ. ಅಲ್ಲಿ ದೇವರು ಕಾಣ್ತಾನೆ ಅಷ್ಟೆ. ಇಲ್ಲಿ ಸೀದಾ ದೇವರ ಹತ್ರವೇ ಕಳಿಸ್ತದೆ."

ಗಲ್ಲಾದಲ್ಲಿದ್ದ ಮಾವ ನಗಲಿಲ್ಲ.

ಮೇ ೧೯

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಗಿನ ಪಾಳಿ ಬಿಟ್ಟ ಹೊತ್ತು. ನಾನು ಕಾರ್ಖಾನೆಯ ಬದಿಯಲ್ಲಿ ಹಲಗೆ ಹಿಡಿದು ಲಾರಿ, ಬಸ್ಸು, ಸೈಕಲ್ಲು ಎಂದು ಗೀಟು ಎಳೆಯುತ್ತಿದ್ದೆ. ಕಿಂಡಿಯಿಂದ ಒಬ್ಬ ಹೊರಬಂದ, ಟೆಂಪೋ ಬಂತು. ಶಬ್ದ ಮಾತ್ರ ನೆನಪಿದೆ, ತೆಂಗಿನಕಾಯಿ ಒಡೆದ ಹಾಗೆ. ಹತ್ತಿರ ಹೋದೆ. ನೋಡಬಾರದಿತ್ತು, ನೋಡಿದೆ. ಮೋರಿಯ ಬದಿಗೆ ಹೋಗಿ ವಾಂತಿ ಮಾಡಿಕೊಂಡೆ.

ತಲೆ ಎತ್ತಿದಾಗ ಜನ ಟೆಂಪೋ ಡ್ರೈವರನನ್ನು ಕೂದಲು ಹಿಡಿದು ಎಳೆದುಹಾಕಿದ್ದರು. "ಮಾರೋ ಸಾಲೇ ಕೋ" ಎಂಬ ಕೂಗು. ಚಪ್ಪಲಿ, ಕಲ್ಲು, ಸೈಕಲ್ಲಿನ ಪಂಪು. ಈಗಷ್ಟೇ ನಮ್ಮಲ್ಲಿ ಇಡ್ಲಿ ತಿಂದು ಕೈ ತೊಳೆದು ಹೋದವರೇ, ಬಾಯಿ ತುಂಬ ನಗುವವರೇ! ಅವನ ಕಿವಿ ಹರಿದು ನೇತಾಡುತ್ತಿತ್ತು. "ಬಿಡಿ, ಸಾಯುತ್ತಾನೆ, ಬಿಡಿ" ಎಂದು ಹರಕು ಹಿಂದಿಯಲ್ಲಿ ಕಿರುಚುತ್ತ ನಡುವೆ ನುಗ್ಗಿದೆ. ಯಾರದೋ ಮುಷ್ಟಿ ನನ್ನ ಬಾಯಿಗೆ ಬಿತ್ತು. ವಿಠ್ಠಲಣ್ಣ ಓಡಿ ಬಂದು ನನ್ನನ್ನು ಸೊಂಟ ಹಿಡಿದು ಎತ್ತಿಕೊಂಡೇ ಹೋದ.

"ನಿನಗೆಂತ ಹುಚ್ಚಾ? ಸಾಯ್ಲಿಕ್ಕೆ ಬಂದದ್ದಾ ಇಲ್ಲಿಗೆ?" ಎಂದು ಬೈಯುತ್ತಲೇ ತುಟಿಗೆ ಅರಸಿನ ಹಚ್ಚಿದ.

ಮನುಷ್ಯರಾ ಇವರು? ಥೂ.

ಮೇ ೨೧

ಜರೀವಾಲಾ ಸಾಹೇಬರು ಬಂದಿದ್ದರು. ನನ್ನ ಊದಿದ ತುಟಿ ನೋಡಿಯೂ ಏನೂ ಕೇಳಲಿಲ್ಲ. ರಸ್ತೆಯಲ್ಲಿ ಮೊಣಕಾಲೂರಿ ಕುಳಿತು ಟೈರಿನ ಕಪ್ಪು ಗುರುತನ್ನು ತೋರಿಸಿದರು.

"ನೆತ್ತರು ನೋಡಬೇಡ, ಇದನ್ನು ನೋಡು. ಗುರುತು ಉದ್ದ ಇದ್ದರೆ ಗಾಡಿ ಜೋರಾಗಿತ್ತು ಅಂತ ಅರ್ಥ. ಗಿಡ್ಡ ಇದ್ದರೆ ಮೆಲ್ಲಗೆ ಬರುತ್ತಿದ್ದ, ತಪ್ಪು ಬೇರೆ ಎಲ್ಲೋ ಇದೆ. ಜನ ಸುಳ್ಳು ಹೇಳುತ್ತಾರೆ, ಪೊಲೀಸರು ಹೇಳುತ್ತಾರೆ, ಟೈರು ಹೇಳುವುದಿಲ್ಲ. ಏನಾದರೂ ಆದಾಗ ನೀನು ಮೊದಲು ಮಾಡಬೇಕಾದದ್ದು ಸೀಮೆಸುಣ್ಣದಿಂದ ಇದರ ಸುತ್ತ ಗೆರೆ ಎಳೆಯುವುದು. ಜನ ತುಳಿದು ಹಾಳುಮಾಡುವುದಕ್ಕೆ ಮೊದಲು."

ಟೆಂಪೋದ ಗುರುತು ಅಳೆದೆವು. ಗಿಡ್ಡ. ಸಾಹೇಬರು ಬೇಲಿಯ ಕಿಂಡಿಯ ಕಡೆ ನೋಡಿದರು. "ಇದನ್ನು ಯಾರು ಕೊಯ್ದದ್ದು?" ಎಂದರು.

"ಗೊತ್ತಿಲ್ಲ ಸರ್" ಎಂದೆ.

ಮೇ ೨೮

ಇನ್ನು ಸುಮ್ಮನಿರಲು ಆಗುವುದಿಲ್ಲ ಎಂದು ಮಾವನಿಗೆ ಹೇಳಿಯೇಬಿಟ್ಟೆ. ಠಾಣೆಯಲ್ಲಿ ಹಳೆಯ ಅಪಘಾತಗಳನ್ನೆಲ್ಲ ನೋಡಿ ಬಂದಿದ್ದೇನೆ. ಬೇಲಿ ಹಾಕಿದ ಮೇಲೆ ಇಲ್ಲಿ ಯಾರೂ ಸತ್ತಿರಲಿಲ್ಲ. ಕಿಂಡಿ ಆದ ಮೇಲೆ ಸತ್ತವರೆಲ್ಲ ಕಿಂಡಿಯ ಬಾಯಲ್ಲೇ ಸತ್ತಿದ್ದಾರೆ. ನಾನು ಹಾಗೆಂದು ಬರೆದುಕೊಟ್ಟರೆ ಕಿಂಡಿಗೆ ವೆಲ್ಡಿಂಗ್ ಆಗುತ್ತದೆ.

ಮಾವ ಎದ್ದು ಬಾಗಿಲು ಹಾಕಿದ.

"ನಾನೇ ಕೊಯ್ಸಿದ್ದು. ದೀಪಾವಳಿಗೆ ಕಾರ್ಖಾನೆ ರಜೆ ಇತ್ತು, ಆವಾಗ. ಬೇಲಿ ಹಾಕಿದ ಮೇಲೆ ಮೂರು ತಿಂಗಳು ಈ ಮೇಜಿಗೆಲ್ಲ ನೊಣ ಮಾತ್ರ ಕೂತಿತ್ತು, ಗೊತ್ತುಂಟಾ? ಬರಿ ಮಾಣಿ, ಬೇಕಾದ್ರೆ ಬರಿ. ಬರೆದು ನೀನೇ ಈ ಹೋಟೆಲಿಗೆ ಬೀಗ ಹಾಕಿ ಹೋಗು."

ಜಯಂತಿ ಅತ್ತೆ ಒಳಗಿಂದ ಬಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. "ಊರಲ್ಲಿ ನಮಗೆ ಎಂತ ಉಂಟು ಹೇಳು? ಇಲ್ಲಿ ಹನ್ನೊಂದು ಜನ ಉಣ್ತಾರೆ. ಇದು ಮುಚ್ಚಿದ್ರೆ ನಾವು ಎಲ್ಲಿಗೆ ಹೋಗುದು ಮಗಾ?" ಎಂದರು. ಮೊದಲ ವರ್ಷದಿಂದ ನನ್ನನ್ನು ಓದಿಸುತ್ತಿರುವುದೂ ಇದೇ ಹೋಟೆಲು. ಅತ್ತೆ ಅದನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ರಾತ್ರಿ ವಿಠ್ಠಲಣ್ಣನ ಹತ್ತಿರ ಕೇಳಿದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. "ನಾನು ಹೋಟೆಲಿನ ಉಪ್ಪು ತಿಂದವ, ನನ್ನ ಹತ್ರ ಕೇಳ್ಬೇಡ. ಆದ್ರೆ ಬರೆಯುದಾದ್ರೆ ಬೇಗ ಬರಿ" ಎಂದ.

ಜೂನ್ ೪

ಇನ್ನೊಂದು. ಹೆಂಗಸು, ಒರಿಸ್ಸಾ ಕಡೆಯವಳು. ಬದುಕಿದ್ದಾಳೆ. ಲಾರಿಯವನು ಓಡಿಹೋಗಲು ನೋಡಿದ, ಸಿಕ್ಕಿಬಿದ್ದ. ಜನ ಅವನನ್ನು ಬೇಲಿಗೆ ಕಟ್ಟಿದರು. ಈ ಸಲ ನಾನು ನಡುವೆ ಹೋಗಲಿಲ್ಲ. ಹೋದರೆ ಯಾರಿಗೆ ಲಾಭ? ದೂರದಿಂದ ನೋಡಿದೆ. ನೋಡುತ್ತ ನೋಡುತ್ತ ಒಂದು ಗೊತ್ತಾಯಿತು. ಮೊದಲ ಏಟು ಹಾಕುವವನು ಯಾವತ್ತೂ ಹಿಂದಿನಿಂದ ಬರುತ್ತಾನೆ, ಮುಂದಿದ್ದವರು ಅದಕ್ಕಾಗಿ ಕಾಯುತ್ತಿರುತ್ತಾರೆ. ಲಾರಿಗೆ ಬೆಂಕಿ ಹಚ್ಚಿದರು. ರಬ್ಬರಿನ ಹೊಗೆಗೆ ಸಾಯಂಕಾಲದ ತನಕ ಕಣ್ಣು ಉರಿಯಿತು. ಹಾಗಿದ್ದರೂ ರಾತ್ರಿ ಎರಡು ದೋಸೆ ತಿಂದೆ.

ಈ ಡ್ರೈವರುಗಳೂ ಕಡಿಮೆಯವರಲ್ಲ. ಅರ್ಧಕ್ಕರ್ಧ ಕುಡುಕರು, ಉಳಿದರ್ಧ ನಿದ್ದೆಗಣ್ಣಿನವರು. ಕಿಂಡಿ ಅಂದರೆ ಕಿಂಡಿ, ಅದೇನು ಯಾರ ಮೈಮೇಲೂ ಹತ್ತುವುದಿಲ್ಲ. ಕಣ್ಣು ಬಿಟ್ಟುಕೊಂಡು ಬಂದರೆ ಇದೆಲ್ಲ ಯಾಕೆ ಆಗುತ್ತದೆ?

ಜೂನ್ ೯

ಸೆಕೆ. ಮೈಯೆಲ್ಲ ಬೆವರುಸಾಲೆ. ಒಬ್ಬ ಸೈಕಲಿನವನು ನನ್ನ ಸೀಮೆಸುಣ್ಣದ ಗೆರೆಯ ಮೇಲೆಯೇ ಹೋದ. ಕೂಗಿದರೂ ಕೇಳಲಿಲ್ಲ. ಕೋಲು ಅಡ್ಡ ಇಟ್ಟೆ, ಬಿದ್ದ. ಎದ್ದು ಬೈದ, ಕೆನ್ನೆಗೆ ಒಂದು ಬಿಟ್ಟೆ. ಸುಮ್ಮನೆ ಹೋದ. ಇಲ್ಲಿ ಹಾಗೆ ಹೇಳಿದರೇ ಅರ್ಥವಾಗುವುದು.

ಕಾರ್ಖಾನೆಯವರು ಈಗ ನನ್ನನ್ನು ಗುರುತು ಹಿಡಿಯುತ್ತಾರೆ. "ಸರ್ವೇವಾಲಾ" ಎಂದು ಕರೆದು ಬೀಡಿ ಕೊಡಲು ಬರುತ್ತಾರೆ. ಕೆನ್ನೆಗೆ ಹೊಡೆದ ವಿಷಯ ವಿಠ್ಠಲಣ್ಣನ ಕಿವಿಗೂ ಬಿದ್ದಿರಬೇಕು, ಚಹಾ ತಂದವನು ತಮಾಷೆ ಮಾಡದೆ ಲೋಟ ಇಟ್ಟು ಹೋದ.

ಜೂನ್ ೧೪

ಒಂದೊಂದಾಗಿ ಬರೆಯುತ್ತೇನೆ.

ನಾಲ್ಕು ಗಂಟೆಯ ಹೊತ್ತು. ನಾನು ಎಂದಿನಂತೆ ಕಾರ್ಖಾನೆಯ ಬದಿಯಲ್ಲಿದ್ದೆ. ವಿಠ್ಠಲಣ್ಣ ಆಚೆಯಿಂದ ಫ್ಲಾಸ್ಕಿನಲ್ಲಿ ಚಹಾ ತಂದು ಕಿಂಡಿಯಲ್ಲಿ ನಿಂತಿದ್ದ. ಲಾರಿಗಳು ತೆರವಾಗಲಿ ಎಂದು ಕಾಯುತ್ತಿದ್ದ. ಅವನದು ಯಾವತ್ತೂ ನಿಧಾನ. ನನಗೆ ತಲೆ ಸಿಡಿಯುತ್ತಿತ್ತು. "ಎಷ್ಟು ಹೊತ್ತು ಮಾರಾಯ, ಬಾ ಬೇಗ!" ಎಂದು ಕೂಗಿದೆ. ಬಂದ.

ಬ್ರೇಕಿನ ಶಬ್ದ ಕೇಳಿತು. ಲಾರಿ ನಿಂತಿತು. ವಿಠ್ಠಲಣ್ಣನ ಬಲಗಾಲು ಮುಂದಿನ ಚಕ್ರದ ಅಡಿಯಲ್ಲಿತ್ತು. ಫ್ಲಾಸ್ಕು ಒಡೆದು ಚಹಾ, ಗಾಜು, ನೆತ್ತರು ಎಲ್ಲ ಒಂದಾಗಿ ಹರಿಯುತ್ತಿತ್ತು. ಮಂಡಿಯ ಕೆಳಗೆ ಕಾಲು ಅನ್ನುವಂಥದ್ದು ಉಳಿದಿರಲಿಲ್ಲ. ಅವನು "ಅಮ್ಮಾ" ಎಂದು ಕೂಗಿದ ಕೂಗು ಕಾರ್ಖಾನೆಯ ಯಂತ್ರಗಳ ಗದ್ದಲವನ್ನೂ ದಾಟಿ ಹೋಗಿರಬೇಕು.

ಡ್ರೈವರ್ ಓಡಲಿಲ್ಲ. ಲಾರಿಯನ್ನು ಹಿಂದಕ್ಕೆ ತೆಗೆದು, ಕೆಳಗೆ ಹಾರಿ, ಹೆಗಲ ಟವೆಲನ್ನು ವಿಠ್ಠಲಣ್ಣನ ತೊಡೆಗೆ ಬಿಗಿದು ಕಟ್ಟಿದ. ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಏನೋ ಹೇಳುತ್ತಿದ್ದ. ಅಷ್ಟರಲ್ಲಿ ಜನ ಮುತ್ತಿದರು. ನಾನು "ವಿಠ್ಠಲಣ್ಣಾ, ವಿಠ್ಠಲಣ್ಣಾ, ಕಣ್ಣು ಮುಚ್ಚಬೇಡ" ಎನ್ನುತ್ತ ಬಂದದ್ದು ಡ್ರೈವರನ ಕಿವಿಗೆ ಬಿತ್ತು. ತಲೆ ಎತ್ತಿದ. ಮೀಸೆಯ ಮುಖ, ನನ್ನಣ್ಣನ ಪ್ರಾಯ.

"ಕನ್ನಡದವ್ರೇನ್ರಿ ಅಣ್ಣಾರ? ದೇವರು ಬಂದಂಗ ಬಂದ್ರಿ ನೋಡ್ರಿ. ನಾ ಮೆಲ್ಲಕ ಬರಾಕತ್ತಿದ್ದೆ, ನೀವ ನೋಡೀರಲ್ರಿ. ಬ್ರೇಕ್ ಹಾಕೇನ್ರಿ. ಈ ಮಂದಿಗೊಂದೀಟು ತಿಳಿಸಿ ಹೇಳ್ರಿ, ಇವರನ್ನ ದವಾಖಾನಿಗೆ ಒಯ್ಯೂಣು ಮೊದಲ."

ಹುಬ್ಬಳ್ಳಿ ಕಡೆಯವನು. ಅಷ್ಟು ಜನರಲ್ಲಿ ಅವನ ಮಾತು ತಿಳಿಯುತ್ತಿದ್ದದ್ದು ನನಗೆ, ಮಾವನಿಗೆ, ನಮ್ಮ ಹೋಟೆಲಿನವರಿಗೆ ಮಾತ್ರ. ಅವನು ಹೇಳುತ್ತಿರುವಾಗಲೇ ಹೋಟೆಲಿನವರು ವಿಠ್ಠಲಣ್ಣನನ್ನು ಎತ್ತಿಕೊಂಡು ಮೆಟಡೋರ್ ವ್ಯಾನಿನ ಕಡೆಗೆ ಓಡಿದರು. ಮಾವ ಕಿಂಡಿಯ ಹತ್ತಿರ ನಿಂತಿದ್ದ. ಕೊಯ್ದ ಸರಳನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

"ಏ ಸರ್ವೇವಾಲಾ, ನೀನು ನೋಡಿದೆಯಲ್ಲ? ಏನು ಬೊಗಳುತ್ತಿದ್ದಾನೆ ಇವನು?" ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಗದ್ದಲವೆಲ್ಲ ನಿಂತಿತು. ನಿಜವಾಗಿ ಅವರು ಕಾಯುತ್ತಿದ್ದರು. ಏನಾದರೂ ಹೇಳಬೇಕಿತ್ತಲ್ಲ.

"ಕುಡಿದಿದ್ದೆ, ತಪ್ಪಾಯಿತು, ಬಿಟ್ಟುಬಿಡಿ ಅನ್ನುತ್ತಿದ್ದಾನೆ" ಎಂದೆ.

ಅವನಿಗೆ ಹಿಂದಿ ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತಿತ್ತೋ ಏನೋ. ನನ್ನನ್ನು ನೋಡಿದ. "ಅಣ್ಣಾರ, ಹಂಗ್ಯಾಕ ಹೇಳ್ತೀರಿ?" ಎಂದ. ಹಾಗೆ ನೋಡಬಾರದಿತ್ತು ಅವನು. ನನಗೆ ಎಲ್ಲಿತ್ತೋ ಸಿಟ್ಟು, ಮೈಯೆಲ್ಲ ಹೊತ್ತಿಕೊಂಡಿತು. ಅಲ್ಲಿ ವಿಠ್ಠಲಣ್ಣನ ಚಪ್ಪಲಿ ಬಿದ್ದಿದೆ, ಇವನು ನನ್ನನ್ನು ಯಾಕೆ ಎಂದು ಕೇಳುತ್ತಾನೆ! ಕೋಲು ಕೈಯಲ್ಲೇ ಇತ್ತು. ಎಲ್ಲರೂ ಹೊಡೆದರು, ನಾನು ಒಂದೇ ಏಟು. ಎರಡು ಇರಬಹುದು. ಆಮೇಲೆ ಅವನು ಕಾಣಲಿಲ್ಲ, ಬೆನ್ನುಗಳು ಮಾತ್ರ ಕಾಣುತ್ತಿದ್ದವು. "ಅಣ್ಣಾರ" ಎಂದು ಇನ್ನೊಂದೆರಡು ಸಲ ಕೂಗಿದ.

ಟೈರಿನ ಗುರುತು ಒಂದು ಗೇಣಿಗಿಂತ ತುಸು ಹೆಚ್ಚಿತ್ತು. ಗೆರೆ ಎಳೆಯಲು ಪುರುಸೊತ್ತಾಗಲಿಲ್ಲ.

ಜೂನ್ ೧೫

ಮೊದಲ ಮಳೆ. ಬೆಳಗಿನಿಂದ ಒಂದೇ ಸಮನೆ. ರಸ್ತೆ ತೊಳೆದಿಟ್ಟ ಹಾಗಾಗಿದೆ. ಸೆಕೆಯೂ ಇಳಿಯಿತು, ಒಳ್ಳೆಯದಾಯಿತು.

ವಿಠ್ಠಲಣ್ಣನ ಕಾಲು ತೊಡೆಯಿಂದ ಕೆಳಗೆ ತೆಗೆದರು. ಜೀವಕ್ಕೆ ಅಪಾಯವಿಲ್ಲವಂತೆ. ಆ ಲಾರಿಯವನು ಬೆಳಗಿನ ಜಾವ ತೀರಿಕೊಂಡನಂತೆ.

ಕೋಲು ತೊಳೆದೆ. ಮೊನೆಯ ಹತ್ತಿರದ ಬಿಳಿ ಪಟ್ಟಿ ಬಿಳಿಯಾಗಲಿಲ್ಲ. ಆಫೀಸಿನಲ್ಲಿ ಸ್ವಲ್ಪ ಬಣ್ಣ ಕೇಳಬೇಕು.

ಜೂನ್ ೧೮

ಪೊಲೀಸರು ಕೇಳಿದರು. ನಾನು ಆಚೆ ತಿರುಗಿ ಬಸ್ಸುಗಳನ್ನು ಎಣಿಸುತ್ತಿದ್ದೆ ಎಂದೆ. ಅವರಿಗೂ ಅಷ್ಟೇ ಸಾಕಾಗಿತ್ತು. ಸತ್ತವನ ಹೆಸರು ದಾಮೋದರ, ಹೆಂಡತಿ ಊರಿಂದ ಹೊರಟಿದ್ದಾಳೆ ಎಂದು ತಾವಾಗಿಯೇ ಹೇಳಿದರು. ನಾನೇನೂ ಕೇಳಿರಲಿಲ್ಲ.

ಜರೀವಾಲಾ ಸಾಹೇಬರು ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯ ನಡುವೆ ನಿಂತಿದ್ದರು. "ಟೈರಿನ ಗುರುತು?" ಎಂದರು.

"ಮಳೆಗೆ ಹೋಯಿತು ಸರ್."

"ಮಳೆಗೆ ಮೊದಲು ಒಂದು ರಾತ್ರಿ ಇತ್ತಲ್ಲ."

"ಜನ ತುಳಿದುಬಿಟ್ಟರು ಸರ್. ಉದ್ದವಿತ್ತು. ಬಹಳ ಜೋರಾಗಿ ಬಂದ."

ಅವರು ನನ್ನ ಮುಖವನ್ನು ಒಂದಷ್ಟು ಹೊತ್ತು ನೋಡಿದರು. ಕೋಲನ್ನೂ ನೋಡಿದರು. ವರದಿಯಲ್ಲಿ ಕಾರಣ, ಚಾಲಕರ ಅತಿವೇಗ ಎಂದಾಯಿತು. ಪರಿಹಾರ, 'ಧೀರೇ ಚಲಾವೋ', ಅಂದರೆ ನಿಧಾನವಾಗಿ ಓಡಿಸಿ, ಎಂಬ ದೊಡ್ಡ ಫಲಕ. ಕಿಂಡಿಯ ಮಾತೇ ಬರಲಿಲ್ಲ. ನನ್ನ ನಕ್ಷೆ ಚೊಕ್ಕಟವಾಗಿದೆ ಎಂದು ಆಫೀಸಿನಲ್ಲಿ ಎಲ್ಲರೂ ಹೇಳಿದರಂತೆ.

ರಾತ್ರಿ ಅತ್ತೆ ಕೇಸರಿಬಾತ್ ಮಾಡಿದ್ದರು. ಮಾವ ತಾನೇ ಬಡಿಸಿದ, ನನ್ನ ಮುಖ ನೋಡಲಿಲ್ಲ. "ತಿನ್ನು ಮಾಣಿ, ತಿನ್ನು" ಎಂದ. ತುಪ್ಪ ಜಾಸ್ತಿಯಾಗಿತ್ತು.

ಜೂನ್ ೨೩

ಆಸ್ಪತ್ರೆಗೆ ಹೋದೆ. ವಿಠ್ಠಲಣ್ಣ ಎಷ್ಟು ಬಡವಾಗಿದ್ದಾನೆ! ಮೊದಲು ತಮಾಷೆಯನ್ನೇ ಮಾಡಿದ. "ಇನ್ನು ಒಂದೇ ಕಾಲಲ್ಲಿ ದೋಸೆ ಹೊಯ್ಯುದು ಮಾರಾಯ, ಕಾವಲಿಯ ಮುಂದೆ ತಪಸ್ಸು." ಇಬ್ಬರೂ ನಕ್ಕೆವು. ಆಮೇಲೆ ಕೇಳಿದ.

"ಆ ಡ್ರೈವರ್ ಎಲ್ಲಿದ್ದಾನೆ? ಅವನದ್ದೆಂತ ತಪ್ಪಿಲ್ಲ. ಮೆಲ್ಲಗೆ ಬರ್ತಾ ಇದ್ದ. ನೀನು ಕರೆದೆ ಅಂತ ನಾನು ನೋಡದೆ ಓಡಿದ್ದು. ನನ್ನ ತಲೆ ತೊಡೆ ಮೇಲೆ ಇಟ್ಕೊಂಡು 'ಹೆದರಬ್ಯಾಡ್ರಿ, ನಾ ಅದೀನಿ' ಅಂದ. ನಮ್ಮವ ಮಾರಾಯ, ಕನ್ನಡದವ. ನೀನು ಅವನ ಹತ್ರ ಮಾತಾಡಿದ್ಯಲ್ಲ, ಎಲ್ಲಿ ಉಂಟು ಜನ?"

ಸತ್ತ ಎಂದೆ.

"ಹೇಗೆ?"

"ಜನ ಹೊಡೆದರು."

"ನೀನು ಅಲ್ಲೇ ಇದ್ಯಲ್ಲ. ಹೇಳ್ಲಿಲ್ವಾ ಅವರಿಗೆ?"

ನನಗೆ ರೇಗಿತು. ಇವನಿಗಾಗಿ ಇಷ್ಟೆಲ್ಲ ಆದದ್ದು, ಇವನೇ ವಕೀಲನ ಹಾಗೆ ಪ್ರಶ್ನೆ ಕೇಳುತ್ತಾನೆ! "ನಿನ್ನ ಕಾಲು ಮುರಿದವನ ಪರ ಮಾತಾಡಬೇಕಿತ್ತಾ ನಾನು?" ಎಂದು ಜೋರಾಗಿಯೇ ಕೇಳಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ವಿಠ್ಠಲಣ್ಣ ನಾನು ತಂದ ಮೂಸಂಬಿಯ ಚೀಲವನ್ನು ಪಕ್ಕದ ಮಂಚದವನ ಕಡೆ ಸರಿಸಿ ಗೋಡೆಗೆ ಮುಖ ಮಾಡಿಕೊಂಡ.

ನಾಳೆಯಿಂದ ಊಟ ಬೇರೆ ಯಾರಾದರೂ ತಂದರೆ ಸಾಕು ಎಂದು ಮಾವನಿಗೆ ಹೇಳಿ ಕಳಿಸಿದನಂತೆ. ಕೃತಜ್ಞತೆ ಎಂಬುದೇ ಇಲ್ಲ ಜನರಿಗೆ.

ಜೂನ್ ೩೦

ಕೊನೆಯ ದಿನ. ಸರ್ಟಿಫಿಕೇಟು ಕೈಗೆ ಬಂತು, 'ಶಿಸ್ತಿನ, ಸ್ಥಳಜ್ಞಾನವುಳ್ಳ ವಿದ್ಯಾರ್ಥಿ' ಎಂದಿದೆ. ಫಲಕ ನೋಡಲು ಬಂದ ಸಾಹೇಬರು ಇಲ್ಲೇ ಸಹಿ ಹಾಕಿಕೊಟ್ಟರು, ಕೈ ಕುಲುಕಲಿಲ್ಲ. ಗಡಿಬಿಡಿಯಲ್ಲಿದ್ದರೋ ಏನೋ.

ಫಲಕ ನೆಟ್ಟಾಗಿದೆ. ಮಾವನ ಹೋಟೆಲಿನ ಎದುರಿಗೇ, ಕಿಂಡಿಯ ಪಕ್ಕದಲ್ಲಿ. ಒಮ್ಮೆ ನೋಡಿಬರೋಣ ಎಂದು ಸಂಜೆ ಕೋಲು ಹಿಡಿದು ಹೋದೆ. ಈಗ ಅದಿಲ್ಲದೆ ಹೋದರೆ ಕೈ ಖಾಲಿ ಖಾಲಿ ಅನಿಸುತ್ತದೆ.

ನಾನು ನೋಡುತ್ತಿದ್ದಂತೆಯೇ ಕಿಂಡಿಯಿಂದ ಒಬ್ಬ ಮುದುಕ ಇಳಿದ, ರಿಕ್ಷಾ ತಾಗಿತು. ಏನೂ ಆಗಿರಲಿಲ್ಲ. ಮುದುಕ ಎದ್ದು ಧೋತ್ರ ಕೊಡವಿಕೊಳ್ಳುತ್ತಿದ್ದ, ಮೊಣಕೈ ತರಚಿತ್ತು ಅಷ್ಟೆ. ಹಾಗಿದ್ದರೂ ಜನ ಸೇರಿದರು, ರಿಕ್ಷಾದವನನ್ನು ಇಳಿಸಿದರು. ಅವನಿನ್ನೂ ಮೀಸೆ ಬಾರದ ಹುಡುಗ.

"ಸರ್ವೇವಾಲಾ ಬಂದ, ದಾರಿ ಬಿಡಿ" ಎಂದರು ಯಾರೋ. ಎಲ್ಲರೂ ಸರಿದು ದಾರಿ ಬಿಟ್ಟರು. ಹುಡುಗ ನನ್ನನ್ನು ನೋಡಿದ, ಕೋಲನ್ನು ನೋಡಿದ, ಅಲ್ಲೇ ಮಂಡಿಯೂರಿ ಕೈಮುಗಿದ. ಅವನ ಪೈಜಾಮ ಒದ್ದೆಯಾಯಿತು. ಯಾಕೆ ಅಷ್ಟು ಹೆದರಿದನೋ ತಿಳಿಯಲಿಲ್ಲ, ನಾನು ಅವನಿಗೆ ಏನೂ ಮಾಡಿರಲಿಲ್ಲ. "ಮೆಲ್ಲಗೆ ಬರುತ್ತಿದ್ದೆ ಸಾಹೇಬ್, ನೀವೇ ನೋಡಿದಿರಲ್ಲ" ಎಂದ.

ಮತ್ತೆ ಅದೇ ಮಾತು! ಎಲ್ಲರೂ ಇದನ್ನೇ ಹೇಳುತ್ತಾರೆ. ಜನ ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು. ಏನಾದರೂ ಹೇಳಬೇಕಿತ್ತಲ್ಲ, ಹೇಳಿದೆ.

ಬೆಳಗ್ಗೆ ರೈಲು. ಅಹಮದಾಬಾದಿನ ಆಫೀಸಿಗೆ ಕೋಲು ಹಿಂದಿರುಗಿಸಿ ಊರಿಗೆ ಹೊರಡಬೇಕು. ಅದನ್ನು ಇನ್ನೊಮ್ಮೆ ತೊಳೆಯಬೇಕಾಯಿತು.